ಗಿಡ್ಡ ರೆಕ್ಕೆಯ ಅಣಬೆ ಗುಂಗುರು: ಗುರುತು ಹಿಡಿಯುವುದು, ವಿವರ ಬರೆಯುವುದು

ಮೊದಲು ಹೆಸರಿನ ಗಲಾಟೆ ಮುಗಿಸಿಬಿಡೋಣ. ಕಣ್ಣೆದುರು ಗುಂಯ್‌ಗುಡುವ ಪುಟ್ಟ ಹುಳುಗಳಿಗೆಲ್ಲ ನಾವು ನುಸಿ ಅನ್ನುತ್ತೇವೆ. ಆದರೆ ತೆಂಗಿನಕಾಯಿಗೆ ಬರುವ ನುಸಿ ಕೀಟವೇ ಅಲ್ಲ, ಅದು ಜೇಡದ ಬಳಗದ ಮೈಟ್. ಎರಡಕ್ಕೂ ಒಂದೇ ಹೆಸರಿಟ್ಟರೆ ಟಿಪ್ಪಣಿ ಓದುವವರಿಗೆ ತಲೆ ಕೆಡುತ್ತದೆ. ಹಾಗಾಗಿ ಇಲ್ಲಿ ಗುಂಗುರು ಅಂತಲೇ ಬರೆಯುತ್ತೇನೆ.

ಅಣಬೆ ಗುಂಗುರನ್ನು ನೀವು ನೋಡಿಯೇ ಇರುತ್ತೀರಿ. ಕುಂಡಕ್ಕೆ ನೀರು ಜಾಸ್ತಿಯಾದಾಗ ಮಣ್ಣಿನ ಮೇಲೆ ಕಪ್ಪಗೆ, ಸಣ್ಣಗೆ ಹಾರಾಡುತ್ತವಲ್ಲ, ಅವೇ. ಅಣಬೆ ಬೆಳೆಯುವವರು ಸಿಯಾರಿಡ್ ನೊಣ ಅನ್ನುತ್ತಾರೆ. ಇವುಗಳ ಮರಿಹುಳು ಬೆಳ್ಳಗೆ, ಪಾರದರ್ಶಕವಾಗಿ ಇರುತ್ತದೆ, ತಲೆ ಮಾತ್ರ ಕರಿ. ಶಿಲೀಂಧ್ರದ ಎಳೆ, ಕೊಳೆತ ಎಲೆ, ಕೆಲವೊಮ್ಮೆ ಎಳೆ ಬೇರು ತಿಂದು ಬದುಕುತ್ತದೆ. ಅಣಬೆ ಗುಂಗುರು ಅನ್ನುವುದು ಒಂದೇ ಕುಟುಂಬದ ಹೆಸರಲ್ಲ. ಸಿಯಾರಿಡೇ, ಮೈಸೆಟೋಫಿಲಿಡೇ, ಕೆರೋಪ್ಲಾಟಿಡೇ ಹೀಗೆ ಹಲವು ಕುಟುಂಬಗಳು ಸೇರಿದ ಗುಂಪು ಅದು. ಗಿಡದ ಮೇಲೆ ಗಂಟು ಎಬ್ಬಿಸುವ ಗಾಲ್ ಮಿಡ್ಜ್‌ಗಳೂ ಇವುಗಳ ಹತ್ತಿರದ ನೆಂಟರೇ. ರೆಕ್ಕೆ ಗಿಡ್ಡವಾದ ಉದಾಹರಣೆಗಳು ಸಿಯಾರಿಡೇಯಲ್ಲಿ ಜಾಸ್ತಿ ಸಿಗುತ್ತವೆ. ಅದಕ್ಕೇ ಈ ಟಿಪ್ಪಣಿ ಹೆಚ್ಚಾಗಿ ಅದರ ಸುತ್ತಲೇ ಓಡಾಡುತ್ತದೆ. ಈ ಕುಟುಂಬದಲ್ಲಿ ಹೆಸರು ಪಡೆದ ಪ್ರಭೇದಗಳೇ 2,500ಕ್ಕೂ ಹೆಚ್ಚು.

ಗಿಡ್ಡ ಅಂದರೆ ಎಷ್ಟು ಗಿಡ್ಡ?

ಇಲ್ಲಿ ಐದು ಪದ ಬೇಕಾಗುತ್ತವೆ. ಎಲ್ಲ ಗ್ರೀಕ್ ಮೂಲದವು, ಹೆದರಬೇಡಿ. ರೆಕ್ಕೆ ಪೂರ್ತಿ ಇದ್ದರೆ ಮ್ಯಾಕ್ರೋಪ್ಟರಸ್. ಗಿಡ್ಡವಾಗಿದ್ದರೆ ಬ್ರಾಕಿಪ್ಟರಸ್. ಬರೀ ತುಣುಕು ಉಳಿದಿದ್ದರೆ ಮೈಕ್ರೋಪ್ಟರಸ್. ಉದ್ದ ಇದ್ದೂ ಪಟ್ಟಿಯಂತೆ ಸಣಕಲಾಗಿದ್ದರೆ ಸ್ಟೆನೋಪ್ಟರಸ್. ಏನೂ ಇಲ್ಲದಿದ್ದರೆ ಏಪ್ಟರಸ್. ಬ್ರಾಕಿಗೂ ಮೈಕ್ರೋಗೂ ನಡುವಿನ ಗೆರೆಯನ್ನು ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಾರೆ. ನನ್ನ ಸಲಹೆ ಸುಲಭ: ಪದ ಯಾವುದಾದರೂ ಬಳಸಿ, ಪಕ್ಕದಲ್ಲಿ ಅಳತೆ ಬರೆಯಿರಿ. ಅಳತೆಯಿದ್ದರೆ ಪದದ ಬಗ್ಗೆ ಯಾರೂ ಜಗಳಕ್ಕೆ ಬರುವುದಿಲ್ಲ.

ಸ್ಟೆನೋಪ್ಟರಸ್ ಅಪರೂಪದ ಪದ. ಅದಕ್ಕೊಂದು ನಿಜವಾದ ಉದಾಹರಣೆ ನೆನಪಿಟ್ಟುಕೊಳ್ಳಿ. ಮೈಸೆಟೋಫಿಲಿಡೇ ಕುಟುಂಬದ ಬೇಯಾಪ್ಟೆರೋಗೈನಾ ಅನ್ನುವ ಜೀನಸ್ಸನ್ನು, ಅಂದರೆ ಹತ್ತಿರದ ಪ್ರಭೇದಗಳ ಗುಂಪನ್ನು, ಕೀಟತಜ್ಞ ವೊಕೆರಾತ್ 1972ರಲ್ಲಿ ಉತ್ತರ ಅಮೆರಿಕದಿಂದ ವಿವರಿಸಿದರು. ಅದರ ಹೆಣ್ಣಿನ ರೆಕ್ಕೆ ಇಂಥದ್ದೇ ಸಣಕಲು ಪಟ್ಟಿ.

ರೆಕ್ಕೆ ಒಂದೇ ಹೋಗುವುದಿಲ್ಲ

ಈ ಭಾಗ ನಿಧಾನವಾಗಿ ಓದಿ. ಎಲ್ಲರೂ ಎಡವುವುದು ಇಲ್ಲೇ.

ರೆಕ್ಕೆ ಕುಗ್ಗಿದರೆ ಅದನ್ನು ಬಡಿಯುವ ಸ್ನಾಯುವೂ ಕುಗ್ಗುತ್ತದೆ. ಸ್ನಾಯು ಕುಗ್ಗಿದರೆ ಅದನ್ನು ಹೊತ್ತಿದ್ದ ಎದೆಯ ಗೂನು ಚಪ್ಪಟೆಯಾಗುತ್ತದೆ. ಹಾರಾಟದಲ್ಲಿ ಸಮತೋಲಕ್ಕೆ ಬೇಕಾದ ಹಾಲ್ಟಿಯರ್, ಅಂದರೆ ಹಿಂದಿನ ರೆಕ್ಕೆಯ ಜಾಗದಲ್ಲಿರುವ ಗುಂಡುತಲೆಯ ಪುಟ್ಟ ಕಡ್ಡಿ, ಸಣ್ಣದಾಗುತ್ತದೆ ಅಥವಾ ಮಾಯವಾಗುತ್ತದೆ. ಹಾರದವನಿಗೆ ದೊಡ್ಡ ಕಣ್ಣೇಕೆ? ಸಂಯುಕ್ತ ಕಣ್ಣು ಚಿಕ್ಕದಾಗುತ್ತದೆ. ನೆತ್ತಿಯ ಮೂರು ಒಂಟಿಕಣ್ಣುಗಳೂ ಮಂಕಾಗುತ್ತವೆ. ಹೆಣ್ಣಾದರೆ ಹೊಟ್ಟೆ ದೊಡ್ಡದು, ಕಾಲು ಗಟ್ಟಿ.

ಸಿಯಾರಿಡೇ ಕುಟುಂಬದ ಗುರುತು ಏನು? ಎರಡು ಕಣ್ಣುಗಳು ಮೀಸೆಗಳ ಮೇಲ್ಗಡೆ ಸೇತುವೆಯಂತೆ ಕೂಡಿಕೊಳ್ಳುತ್ತವೆ. ರೆಕ್ಕೆಯ ನಡುವಿನ ನಾಳ ಗಂಟೆಯಾಕಾರದಲ್ಲಿ ಕವಲೊಡೆಯುತ್ತದೆ. ಈಗ ನೋಡಿ ತಮಾಷೆ. ಗಿಡ್ಡ ರೆಕ್ಕೆಯ ಹುಳುವಿನಲ್ಲಿ ಎಷ್ಟೋ ಸಲ ಕಣ್ಣು ಕುಗ್ಗಿ ಸೇತುವೆ ಮುರಿದಿರುತ್ತದೆ, ನಾಳದ ಕವಲೂ ಅಳಿಸಿಹೋಗಿರುತ್ತದೆ. ಕುಟುಂಬದ ಎರಡು ದೊಡ್ಡ ಗುರುತುಗಳೂ ಒಟ್ಟಿಗೆ ಕೈಕೊಟ್ಟವು!

ಹಾಗಾದರೆ ಏನು ನೋಡಬೇಕು? ಉಳಿದದ್ದನ್ನು. ಮೀಸೆಯಲ್ಲಿ ಬುಡದ ಎರಡು ಗೆಣ್ಣು, ಮುಂದೆ ಮಣಿ ಪೋಣಿಸಿದಂತೆ ಸಾಮಾನ್ಯವಾಗಿ ಹದಿನಾಲ್ಕು. ರೆಕ್ಕೆಯಿಲ್ಲದ ಫೋರಿಡ್ ನೊಣವೂ ಮಣ್ಣಲ್ಲಿ ಸಿಗುತ್ತದೆ, ಆದರೆ ಅದರ ಮೀಸೆ ಒಂದು ಗುಂಡು, ಅದಕ್ಕೊಂದು ಕೂದಲು, ಅಷ್ಟೇ. ಗಾಲ್ ಮಿಡ್ಜ್‌ನಿಂದ ಬೇರ್ಪಡಿಸುವುದಕ್ಕೆ ಕಾಲು ನೋಡಿ. ಟಿಬಿಯದ, ಅಂದರೆ ಕಾಲಿನ ಮೊಣಕಾಲ ಕೆಳಗಿನ ಉದ್ದ ಭಾಗದ, ತುದಿಯಲ್ಲಿ ಮುಳ್ಳಿನಂಥ ಸ್ಪರ್ ಇದ್ದರೆ ಅದು ಗಾಲ್ ಮಿಡ್ಜ್ ಅಲ್ಲ. ಸಿಯಾರಿಡ್‌ಗಳಲ್ಲಿ ಮುಂಗಾಲಿಗೆ ಒಂದು, ನಡುಗಾಲಿಗೆ ಎರಡು, ಹಿಂಗಾಲಿಗೆ ಎರಡು ಸ್ಪರ್ ಇರುವುದು ವಾಡಿಕೆ. ಅಭ್ಯಾಸಕ್ಕೆ ಕೊಟ್ಟ ಒಂದು ಸ್ಲೈಡಿಗೆ ನಾನು ಧೈರ್ಯವಾಗಿ ಗಾಲ್ ಮಿಡ್ಜ್ ಅಂತ ಬರೆದಿದ್ದೆ. ಮಣಿಮಣಿ ಮೀಸೆ ನೋಡಿ ಖುಷಿಯಾಗಿ ಕಾಲಿನವರೆಗೆ ಹೋಗಲೇ ಇಲ್ಲ. ಈಗ ಮೊದಲು ಕಾಲು ನೋಡುತ್ತೇನೆ.

ಒಂದೇ ಬುಟ್ಟಿಗೆ ಹಾಕಬೇಡಿ

ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರೆಲ್ಲ ಒಂದೇ ಮನೆಯವರಲ್ಲ. ಗಿಡ್ಡ ರೆಕ್ಕೆಯ ಗುಂಗುರುಗಳೂ ಹಾಗೆಯೇ. ಬೇರೆಬೇರೆ ವಂಶಗಳಲ್ಲಿ, ಬೇರೆಬೇರೆ ಕಾಲದಲ್ಲಿ ರೆಕ್ಕೆ ಕುಗ್ಗಿದೆ. ಮಣ್ಣಿನ ಸಂದಿಯಲ್ಲಿ ಬದುಕುವವು ಒಂದೇ ಥರ ಚಪ್ಪಟೆಯಾಗಿ, ಒಂದೇ ಥರ ಸಣ್ಣಗಣ್ಣಿನವಾಗಿ ಕಾಣುತ್ತವೆ. ಗಿಡ್ಡ ರೆಕ್ಕೆ, ಚಿಕ್ಕ ಕಣ್ಣು, ಚಪ್ಪಟೆ ಎದೆ, ಇಲ್ಲದ ಹಾಲ್ಟಿಯರ್ ಅಂತ ನಾಲ್ಕು ಲಕ್ಷಣ ಪಟ್ಟಿ ಮಾಡಿ, ನಾಲ್ಕೂ ಹೊಂದುತ್ತವೆ, ಆದ್ದರಿಂದ ಇವು ಒಂದೇ ಜೀನಸ್ ಅಂದರೆ ಅದು ಲೆಕ್ಕದ ತಪ್ಪು. ಆ ನಾಲ್ಕೂ ಬಹುಮಟ್ಟಿಗೆ ಒಂದೇ ಬದಲಾವಣೆಯ ಬಾಲಗಳು. ನಾಲ್ಕು ಸಾಕ್ಷಿ ಅಂದುಕೊಂಡಿರಿ, ಇದ್ದದ್ದು ಒಬ್ಬನೇ.

ಇನ್ನೂ ಗೊಂದಲ ಬೇಕೇ? ಒಂದೇ ಪ್ರಭೇದದೊಳಗೇ ರೆಕ್ಕೆ ಬೇರೆಬೇರೆ ಇರಬಹುದು. ನಿಕ್ಸಿಯಾ ಸ್ಕೇಬಿಯೈ ಕಥೆ ಕೇಳಿ. ಇದನ್ನು 1895ರಲ್ಲಿ ಅಮೆರಿಕದ ಹಾಪ್‌ಕಿನ್ಸ್ ವಿವರಿಸಿದರು. ಆಲೂಗಡ್ಡೆಯ ಕಜ್ಜಿಯ ಜೊತೆ ಸಿಕ್ಕಿದ್ದರಿಂದ ಹೆಸರಿನಲ್ಲೂ ಕಜ್ಜಿ ಸೇರಿಕೊಂಡಿತು. ಅವರು ಅದನ್ನು ಎಪಿಡಾಪಸ್ ಅನ್ನುವ ಹಳೆಯ ಜೀನಸ್ಸಿಗೆ ಸೇರಿಸಿದ್ದರು. ಅಲ್ಲಿಯೂ ರೆಕ್ಕೆಯಿಲ್ಲದ ಹೆಣ್ಣುಗಳಿವೆ, ನೋಡಿ! ಆಮೇಲೆ 1912ರಲ್ಲಿ ಜೊಹಾನ್‌ಸೆನ್ ಇದಕ್ಕೆ ನಿಕ್ಸಿಯಾ ಅನ್ನುವ ಬೇರೆ ಮನೆಯನ್ನೇ ಕಟ್ಟಿಕೊಟ್ಟರು. ಇದರ ಹೆಣ್ಣಿಗೆ ರೆಕ್ಕೆಯೇ ಇಲ್ಲ. ಗಂಡಿನಲ್ಲಿ ಎರಡು ಬಗೆ, ಕೆಲವಕ್ಕೆ ಪೂರ್ತಿ ರೆಕ್ಕೆ, ಕೆಲವಕ್ಕೆ ಗಿಡ್ಡ ರೆಕ್ಕೆ. ಮೂರನ್ನೂ ಬೇರೆಬೇರೆ ಸೀಸೆಯಲ್ಲಿ ಕೊಟ್ಟರೆ ಮೂರು ಪ್ರಭೇದ ಅಂತ ಬರೆಯದವರು ಯಾರು?

ಇನ್ನೊಂದು, ಇಂಗ್ಲೆಂಡಿನಿಂದ ಎಡ್ವರ್ಡ್ಸ್ 1922ರಲ್ಲಿ ವಿವರಿಸಿದ ಪ್ಲಾಸ್ಟೋಸಿಯಾರಾ ಪರ್ನಿಸಿಯೋಸಾ. ಇದರಲ್ಲೂ ಪೂರ್ತಿ ರೆಕ್ಕೆಯ ರೂಪ, ರೆಕ್ಕೆ ಕುಗ್ಗಿದ ರೂಪ ಎರಡೂ ಇವೆ ಎಂದು ಸ್ಟೆಫಾನ್ 1973ರಲ್ಲಿ ತೋರಿಸಿದರು. ಒಂದು ಊರು ಬಿಡುವ ರೂಪ, ಇನ್ನೊಂದು ಊರಲ್ಲೇ ಉಳಿದು ಸಂಸಾರ ಮಾಡುವ ರೂಪ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ.

ಹಾರುವುದನ್ನು ಬಿಟ್ಟದ್ದೇಕೆ?

ಡಾರ್ವಿನ್ 1859ರಲ್ಲಿ ಮದೀರಾ ದ್ವೀಪದ ಜೀರುಂಡೆಗಳ ಬಗ್ಗೆ ಬರೆದರು. ಕೀಟತಜ್ಞ ವೊಲ್ಲಾಸ್ಟನ್ ಅಲ್ಲಿ ಕಂಡ 550 ಪ್ರಭೇದಗಳಲ್ಲಿ 200 ಹಾರಲಾರದವು. ಹಾರಿದವನ್ನು ಗಾಳಿ ಸಮುದ್ರಕ್ಕೆ ಒಯ್ಯುತ್ತದೆ, ತೆವಳಿದವು ಉಳಿಯುತ್ತವೆ ಅನ್ನುವುದು ಡಾರ್ವಿನ್ ವಾದ. ಚೆಂದದ ವಾದ, ಆದರೆ ಗುಂಗುರಿಗೆಲ್ಲ ಇದನ್ನೇ ಅಂಟಿಸಬೇಡಿ. ನಿಕ್ಸಿಯಾಕ್ಕೆ ಯಾವ ಸಮುದ್ರ? ನೊಣಗಳ ರೆಕ್ಕೆ ಕುಗ್ಗುವುದರ ಬಗ್ಗೆ ವಾಲ್ಟರ್ ಹಾಕ್‌ಮನ್ 1964ರಲ್ಲಿ ಒಂದು ದೊಡ್ಡ ಲೇಖನ ಬರೆದಿದ್ದಾರೆ. ದ್ವೀಪ, ಎತ್ತರದ ಬೆಟ್ಟ, ಚಳಿ, ಗುಹೆ, ಮಣ್ಣು, ಇರುವೆ ಗೂಡು, ಇಂಥ ಹಲವು ಜಾಗಗಳಲ್ಲಿ ರೆಕ್ಕೆ ಹೋದ ನೊಣಗಳಿವೆ. ಊಟವೂ ಜೋಡಿಯೂ ಒಂದೇ ಅಂಗೈಯಗಲ ಮಣ್ಣಿನಲ್ಲಿ ಸಿಕ್ಕರೆ ರೆಕ್ಕೆ ಬರೀ ಖರ್ಚು. ಆ ಖರ್ಚು ಮೊಟ್ಟೆಗೆ ಹೋಗುತ್ತದೆ. ಹೆಣ್ಣುಗಳಲ್ಲೇ ರೆಕ್ಕೆ ಹೆಚ್ಚು ಕುಗ್ಗಿರುವುದಕ್ಕೆ ಇದು ಒಪ್ಪುವ ಕಾರಣ ಅನ್ನಿಸುತ್ತದೆ.

ಹಿಡಿಯುವುದು ಹೇಗೆ

ಹಳದಿ ಅಂಟು ಹಾಳೆ ತೂಗುಹಾಕಿ ಕೂತರೆ ಗಿಡ್ಡ ರೆಕ್ಕೆಯವು ಸಿಗುವುದು ಕಷ್ಟ. ಅವು ಹಾರುವುದೇ ಇಲ್ಲವಲ್ಲ! ಟೆಂಟಿನಂಥ ಮಲೇಸ್ ಬಲೆಗೂ ಇದೇ ಗತಿ. ನಮ್ಮ ಸಂಗ್ರಹಗಳಲ್ಲಿ ಇವು ಕಡಿಮೆ ಇರುವುದಕ್ಕೆ ಈ ಬಲೆಗಳೂ ಒಂದು ಕಾರಣ. ಭಾರತದ ಗುಂಗುರುಗಳ ಹಳೆಯ ಆಧಾರ 1912ರಲ್ಲಿ ಬ್ರೂನೆಟ್ಟಿ ಬರೆದ ಸಂಪುಟ. ಪಶ್ಚಿಮ ಘಟ್ಟದ ಶೋಲಾ ಕಾಡಿನ ತರಗೆಲೆಯನ್ನು ಜರಡಿ ಹಿಡಿಯಬೇಕು ಅನ್ನುವ ಆಸೆ ನನಗಿದೆ. ಅನುಮತಿ ಪತ್ರ ಮೊದಲು, ಜರಡಿ ಆಮೇಲೆ.

ಬೇಕಾದದ್ದು ಬರ್ಲೇಸ್ ಆಲಿಕೆ. ಆಲಿಕೆಯ ಮೇಲೆ ಜಾಲರಿ, ಜಾಲರಿಯ ಮೇಲೆ ತರಗೆಲೆ, ಮೇಲಿಂದ ಬಲ್ಬಿನ ಬಿಸಿ. ಹುಳುಗಳು ಒಣಗುವ ಕಡೆಯಿಂದ ಕೆಳಗಿಳಿದು ಆಲ್ಕೋಹಾಲ್ ಸೀಸೆಗೆ ಬೀಳುತ್ತವೆ. ಮಣ್ಣಿನ ಮಟ್ಟಕ್ಕೆ ಹೂತಿಟ್ಟ ಲೋಟದ ಬಲೆಯೂ ಆಗುತ್ತದೆ. ನೋಡುವುದಕ್ಕಷ್ಟೇ ಆದರೆ ಶೇ. 70ರ ಆಲ್ಕೋಹಾಲ್ ಸಾಕು. ಡಿಎನ್‌ಎ ಬೇಕಿದ್ದರೆ ಶೇ. 95ರದ್ದು, ತಂಪಿನಲ್ಲಿ.

ವಿವರ ಬರೆಯುವಾಗ

ಸ್ಲೈಡ್ ಮಾಡುವ ಮೊದಲೇ ಒಂದು ಫೋಟೋ ತೆಗೆದಿಡಿ, ಬಣ್ಣ ಆಮೇಲೆ ಇರುವುದಿಲ್ಲ. ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಹೊಟ್ಟೆಯ ತುದಿಯನ್ನು ನೆನೆಸಿದರೆ ಮಾಂಸ ಕರಗಿ ಜನನಾಂಗ ಸ್ಪಷ್ಟವಾಗುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಎಲ್ಲವೂ ಗಾಜಿನಂತಾಗಿ ಏನೂ ಕಾಣುವುದಿಲ್ಲ. ತಲೆ, ರೆಕ್ಕೆ, ಕಾಲು, ಜನನಾಂಗ ಇವನ್ನು ಒಂದೇ ಸ್ಲೈಡಿನಲ್ಲಿ ಬೇರೆಬೇರೆ ಕವರ್ ಗ್ಲಾಸಿನಡಿ ಇಡುವುದು ಒಳ್ಳೆಯ ರೂಢಿ.

"ರೆಕ್ಕೆ ಚಿಕ್ಕದು" ಅಂತ ಬರೆದರೆ ಅದು ವಿವರ ಅಲ್ಲ, ದೂರು. ಅಭ್ಯಾಸಕ್ಕೆ ನಾನೇ ಕಟ್ಟಿದ ಸಾಲು ಹೀಗಿದೆ: "ಗಂಡು. ರೆಕ್ಕೆಯ ಉದ್ದ ಎದೆಯ ಉದ್ದದ 0.7ರಷ್ಟು. ಮಡಿಸಿದಾಗ ಹೊಟ್ಟೆಯ ಎರಡನೇ ಖಂಡ ಮುಟ್ಟುತ್ತದೆ. ಉದ್ದ ಅಗಲದ ಮೂರರಷ್ಟು, ತುದಿ ಮೊಂಡು. ಮುಂಭಾಗದ ನಾಳಗಳು ಸ್ಪಷ್ಟ, ಕವಲಿನ ಬುಡ ಕಾಣುವುದಿಲ್ಲ. ಹಾಲ್ಟಿಯರ್ ಇದೆ, ಗುಂಡುತಲೆ ಸಣ್ಣದು. ಕಣ್ಣಿನ ಸೇತುವೆ ನಡುವೆ ಕಡಿದಿದೆ." ಇದು ಯಾವ ಪ್ರಭೇದದ್ದೂ ಅಲ್ಲ, ಮಾದರಿಗೆ ಅಷ್ಟೇ. ಇದರಲ್ಲಿ ಇಲ್ಲದ್ದನ್ನೂ ಬರೆದಿದೆ ನೋಡಿ. ಕಾಣದಿದ್ದರೆ ಕಾಣುವುದಿಲ್ಲ ಅಂತ ಬರೆಯಬೇಕು. ಸುಮ್ನೆ ಬಿಟ್ಟರೆ ಓದುವವರಿಗೆ ನೀವು ನೋಡಿದಿರೋ ಇಲ್ಲವೋ ಗೊತ್ತಾಗುವುದಿಲ್ಲ.

ಪೂರ್ತಿ ರೆಕ್ಕೆಯ ಗುಂಗುರುಗಳಿಗೆ ಬಳಸುವ ನಾಳಗಳ ಅನುಪಾತಗಳನ್ನು ಇಲ್ಲಿ ಹೋಲಿಕೆಗೆ ಬಳಸಬೇಡಿ. ರೆಕ್ಕೆ ಕುಗ್ಗುವಾಗ ಎಲ್ಲ ಭಾಗವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ.

ಪ್ರಭೇದದ ತೀರ್ಮಾನ ಮಾಡುವುದು ಮುಖ್ಯವಾಗಿ ಗಂಡಿನ ಜನನಾಂಗ. ಹೊಟ್ಟೆಯ ತುದಿಯಲ್ಲಿ ಇಕ್ಕಳದಂತೆ ಎರಡು ಕೊಂಡಿ ಇರುತ್ತವೆ, ಅವೇ ಗೊನೊಸ್ಟೈಲಸ್. ತುದಿಯಲ್ಲಿ ಹಲ್ಲು ಇದೆಯೇ, ಮುಳ್ಳು ಎಷ್ಟು, ಎಲ್ಲಿ, ಚಾಟಿಯಂಥ ಉದ್ದ ಕೂದಲು ಇದೆಯೇ, ಎಲ್ಲ ಎಣಿಸಿ, ಚಿತ್ರ ಬರೆಯಿರಿ. ಜೊತೆಗೆ ಮೀಸೆಯ ಬುಡದ ಎರಡನ್ನು ಬಿಟ್ಟು ಎಣಿಸಿದ ನಾಲ್ಕನೇ ಗೆಣ್ಣಿನ ಉದ್ದ ಮತ್ತು ಅಗಲದ ಅನುಪಾತ, ಬಾಯಿಯ ಪಕ್ಕದ ಪಾಲ್ಪ್ ಅನ್ನುವ ಪುಟ್ಟ ಸ್ಪರ್ಶಾಂಗದಲ್ಲಿ ಎಷ್ಟು ಗೆಣ್ಣು, ಮುಂಗಾಲಿನ ಟಿಬಿಯದ ತುದಿಯಲ್ಲಿ ಬಾಚಣಿಗೆಯಂಥ ಕೂದಲಿನ ಸಾಲು. ಇವು ಹಾರಾಟಕ್ಕೆ ಅಷ್ಟಾಗಿ ಸಂಬಂಧಿಸಿದವಲ್ಲ. ಅದಕ್ಕೇ ಇವುಗಳ ಮಾತಿಗೆ ಬೆಲೆ ಜಾಸ್ತಿ.

ಹೆಣ್ಣಿಗೆ ಗಂಡು ಹುಡುಕುವುದು

ಸಿಕ್ಕಿದ್ದು ರೆಕ್ಕೆಯಿಲ್ಲದ ಹೆಣ್ಣು, ತೀರ್ಮಾನ ಮಾಡಬೇಕಾದ್ದು ಗಂಡಿನಿಂದ. ಕೂಡಿರುವಾಗಲೇ ಜೋಡಿ ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಡಿಎನ್‌ಎ ಬಾರ್‌ಕೋಡ್, ಅಂದರೆ ಸಿಒಐ ಜೀನಿನ 658 ಅಕ್ಷರಗಳ ತುಣುಕು. ಎರಡೂ ಲಿಂಗದ ತುಣುಕು ಹೊಂದಿದರೆ ಜೋಡಿ ಕೂಡಿತು. ಹೆಣ್ಣಿನ ಮೊಟ್ಟೆಯಿಂದ ಸಂತಾನ ಬೆಳೆಸುವುದು ಮೂರನೇ ದಾರಿ. ಅದರಲ್ಲೊಂದು ಕೊಕ್ಕೆ ಇದೆ. ಬ್ರಾಡಿಸಿಯಾ ಕೊಪ್ರೋಫಿಲಾದಂಥ ಕೆಲವು ಸಿಯಾರಿಡ್‌ಗಳಲ್ಲಿ ಒಬ್ಬ ತಾಯಿಗೆ ಬರೀ ಹೆಣ್ಣುಮಕ್ಕಳು, ಇನ್ನೊಬ್ಬಳಿಗೆ ಬರೀ ಗಂಡುಮಕ್ಕಳು. ಒಂದೇ ಹೆಣ್ಣನ್ನು ಸಾಕಿ ಗಂಡಿಗಾಗಿ ಕಾದರೆ ಕಾಯುತ್ತಲೇ ಇರಬಹುದು. ಸಾಧ್ಯವಾದರೆ ನಾಲ್ಕೈದು ತಾಯಂದಿರನ್ನು ಬೇರೆಬೇರೆ ಡಬ್ಬಿಯಲ್ಲಿ ಸಾಕಿ.

ಹೆಸರಿಡುವಾಗ

ಹೊಸ ಪ್ರಭೇದ ಅಂತ ಖಾತ್ರಿಯಾದರೆ ಒಂದು ಮಾದರಿಯನ್ನು ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾಗುವ ಮಾದರಿ, ಅಂತ ಹೆಸರಿಸಿ, ಅದು ಯಾವ ಸಂಗ್ರಹದಲ್ಲಿದೆ ಅಂತ ಬರೆಯಲೇಬೇಕು. 2000ದಿಂದ ಜಾರಿಯಲ್ಲಿರುವ ಪ್ರಾಣಿ ನಾಮಕರಣ ಸಂಹಿತೆಯ ನಿಯಮ ಇದು. ಹೋಲೋಟೈಪ್ ಗಂಡಾಗಿದ್ದರೆ ಒಳ್ಳೆಯದು, ಕಾರಣ ಮೇಲೆಯೇ ಇದೆ.

ಹೆಸರಿಗೆ ಬ್ರೆವಿಪೆನ್ನಿಸ್ ಅಂತ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಲ್ಯಾಟಿನ್‌ನಲ್ಲಿ ಗಿಡ್ಡ ರೆಕ್ಕೆಯದು ಅಂತ ಅರ್ಥ, ಕೇಳುವುದಕ್ಕೂ ಚೆಂದ. ನಾನಾದರೆ ಇಡುವುದಿಲ್ಲ. ನಿಕ್ಸಿಯಾದ ಗಂಡುಗಳನ್ನು ನೆನಪು ಮಾಡಿಕೊಳ್ಳಿ. ನಾಳೆ ಅದೇ ಮಣ್ಣಿನಿಂದ ಉದ್ದ ರೆಕ್ಕೆಯ ಗಂಡು ಎದ್ದು ಬಂದರೆ? ಅರ್ಥ ಹೊಂದುವುದಿಲ್ಲ ಅನ್ನುವ ಕಾರಣಕ್ಕೆ ಸಂಹಿತೆ ಹೆಸರನ್ನು ಬದಲಿಸಲು ಬಿಡುವುದಿಲ್ಲ. ಉದ್ದ ರೆಕ್ಕೆ ಬಡಿದುಕೊಂಡು ಹಾರುತ್ತಲೇ ಅದು ಗಿಡ್ಡರೆಕ್ಕೆ ಅನ್ನಿಸಿಕೊಳ್ಳುತ್ತಿರುತ್ತದೆ. ಸಿಕ್ಕಿದ ಊರಿನ ಹೆಸರನ್ನೋ ಗೊನೊಸ್ಟೈಲಸ್ಸಿನ ಮುಳ್ಳನ್ನೋ ಹಿಡಿದು ಹೆಸರಿಟ್ಟರೆ ಆ ಪಾಡು ಇಲ್ಲ.