ಪೀಣ್ಯದ ಮೋಟರು, ಬೀಜಿಂಗಿನ ಸಹಿ

ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಹೊರದೇಶದಿಂದ ಬಿಡಿಭಾಗ ತರಿಸಿಕೊಡುವುದು ನನ್ನ ಕೆಲಸ. 2025ರ ಜೂನ್‌ನಲ್ಲಿ ಪೀಣ್ಯ ಎರಡನೇ ಹಂತದ ಕಾರ್ಖಾನೆ ಮಾಲೀಕರೊಬ್ಬರು ನನ್ನ ಮುಂದೆ ಖಾಲಿ ಟ್ರೇ ಇಟ್ಟರು. ಎಲೆಕ್ಟ್ರಿಕ್ ಸ್ಕೂಟರಿನ ಮೋಟರಿಗೆ ಅಂಟಿಸುವ ಮ್ಯಾಗ್ನೆಟ್‌ಗಳ ಟ್ರೇ ಅದು. "ದುಡ್ಡು ಕೊಡ್ತೀನಿ ಅಂದ್ರೂ ಮಾಲು ಇಲ್ಲ ಅಂತಾರಲ್ಲ ಸಾರ್" ಅಂದರು.

ಏಷ್ಯಾ ಬೆಳೆಯುತ್ತಿದೆ, ಜಗತ್ತಿನ ಬಲಾಬಲ ಬದಲಾಗುತ್ತಿದೆ ಎಂದಾಗ ನಾವು ಜಿಡಿಪಿ ಪಟ್ಟಿ ನೋಡುತ್ತೇವೆ, ಅಲ್ವಾ? ನಾನು ಬೇರೆಯದನ್ನೇ ನೋಡುತ್ತೇನೆ. ಯಾರು ಕೈ ಕಟ್ಟಿ ಕೂತರೆ ಯಾರ ಕೆಲಸ ನಿಲ್ಲುತ್ತದೆ?

ಆ ವರ್ಷ ಏಪ್ರಿಲ್ 4ರಂದು ಚೀನಾ, ಮ್ಯಾಗ್ನೆಟ್‌ನಂಥವಕ್ಕೆ ಬಳಸುವ ರೇರ್ ಅರ್ಥ್ (ವಿರಳ ಭೂಧಾತು) ಎಂಬ ಗುಂಪಿನ ಏಳು ಲೋಹಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಅವು ಬೆರೆತ ಮ್ಯಾಗ್ನೆಟ್‌ಗಳಿಗೂ ಅದೇ ನಿಯಮ. ಮಾಲು ಯಾರ ಕೈ ಸೇರುತ್ತದೆ, ಯಾವ ಕೆಲಸಕ್ಕೆ, ಸೇನೆಗೆ ಹೋಗುವುದಿಲ್ಲ ತಾನೇ ಎಂದೆಲ್ಲ ನಾವು ಬರೆದುಕೊಡಬೇಕು. ಆಮೇಲೆ ಕಾಯಬೇಕು. ಆ ಏಳರಲ್ಲಿ ಡಿಸ್ಪ್ರೋಸಿಯಂ, ಟರ್ಬಿಯಂ ಇವೆ. ಮೋಟರು ಬಿಸಿಯಾದಾಗಲೂ ಮ್ಯಾಗ್ನೆಟ್ ಶಕ್ತಿ ಉಳಿಯಲಿ ಎಂದು ಚೂರು ಸೇರಿಸುತ್ತಾರೆ, ಸಾರಿಗೆ ಉಪ್ಪು ಹಾಕಿದ ಹಾಗೆ. ಆ ಚೂರಿಗಾಗಿ ಇಡೀ ಮೋಟರು ಬೆಂಚಿನ ಮೇಲೆ ನಿಂತಿತ್ತು.

ಅಮೆರಿಕಕ್ಕೂ ಇದೇ ಬಿಸಿ ತಟ್ಟಿತು. ಏಪ್ರಿಲ್‌ನಲ್ಲಿ ಚೀನಾ ಸರಕಿನ ಮೇಲೆ 145% ತನಕ ಸುಂಕ ಏರಿಸಿದ ದೇಶ, ಮೇನಲ್ಲಿ ಜಿನೀವಾದಲ್ಲಿ ಕೂತು ಅದನ್ನು 30%ಕ್ಕೆ ಇಳಿಸಿತು. ಜೂನ್‌ನಲ್ಲಿ ಲಂಡನ್ನಿನಲ್ಲಿ ಮತ್ತೆ ಸೇರಿದಾಗ ರೇರ್ ಅರ್ಥ್ ಮಾತೇ ಜಾಸ್ತಿ.

ಈ ಬಲ ಬರೀ ಗಣಿಯಿಂದ ಬಂದದ್ದಲ್ಲ. 1980ರ ದಶಕದ ಆರಂಭದಲ್ಲಿ ಈ ಜಾತಿಯ ಮ್ಯಾಗ್ನೆಟ್ ಕಂಡುಹಿಡಿದವರು ಜಪಾನಿನ ಸುಮಿಟೊಮೊ ಮತ್ತು ಅಮೆರಿಕದ ಜನರಲ್ ಮೋಟರ್ಸ್. ಅದಿರಿನಿಂದ ಲೋಹ ಬೇರ್ಪಡಿಸುವುದು ಆಸಿಡ್ಡಿನ, ಗಲೀಜಿನ ಕೆಲಸ. ಉಳಿದವರು ಒಬ್ಬೊಬ್ಬರೇ ಕೈಬಿಟ್ಟರು, ಚೀನಾ ಬಿಡದೆ ಹಿಡಿಯಿತು. ಇವತ್ತು ಲೋಹ ಬೇರ್ಪಡಿಸುವುದರಲ್ಲೂ ಮ್ಯಾಗ್ನೆಟ್ ತಯಾರಿಯಲ್ಲೂ ಸುಮಾರು 90% ಪಾಲು ಅದರದ್ದೇ.

ಹಾಗಂತ ಏಷ್ಯಾದವರೆಲ್ಲ ಒಂದೇ ಪಂಕ್ತಿಯಲ್ಲಿ ಕೂತಿಲ್ಲ. 2019ರ ಜುಲೈನಲ್ಲಿ ಜಪಾನ್, ಕಂಪ್ಯೂಟರ್ ಚಿಪ್ ಮತ್ತು ಡಿಸ್‌ಪ್ಲೇ ಮಾಡಲು ಬೇಕಾದ ಮೂರು ರಾಸಾಯನಿಕಗಳನ್ನು ದಕ್ಷಿಣ ಕೊರಿಯಾಕ್ಕೆ ಕಳಿಸಲು ಬಿಗಿ ಮಾಡಿತ್ತು. ಅತಿ ಮುಂದುವರಿದ ಚಿಪ್‌ಗಳಿಗೆ ಚೀನಾ, ಅಮೆರಿಕ ಎರಡೂ ತೈವಾನಿನ ಕಡೆ ನೋಡುತ್ತವೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬೀಗದ ಕೈ. ಒಬ್ಬರೇ ಯಜಮಾನರಾಗುವ ಕಾಲ ಬರುತ್ತದೆ ಎಂದು ನನಗನ್ನಿಸುವುದಿಲ್ಲ.

ನಮ್ಮದೇನು? ಕೇರಳ, ಒಡಿಶಾ ಕರಾವಳಿಯ ಮರಳಿನಲ್ಲಿ ಮೊನಜೈಟ್ ಎಂಬ ರೇರ್ ಅರ್ಥ್ ಅದಿರು ಇದೆ. ಅದಕ್ಕೆಂದೇ 1950ರಲ್ಲಿ ಶುರುವಾದ ಇಂಡಿಯನ್ ರೇರ್ ಅರ್ಥ್ಸ್ ಎಂಬ ಕಂಪನಿ, ಈಗಿನ ಐಆರ್‌ಇಎಲ್, ಇದೆ. ಮರಳಿನಿಂದ ಮ್ಯಾಗ್ನೆಟ್‌ವರೆಗಿನ ನಡುವಿನ ಮೆಟ್ಟಿಲುಗಳನ್ನು ನಾವು ಕಟ್ಟಲಿಲ್ಲ. ನನಗೆ ನೋವಾಗುವುದು ಇಲ್ಲೇ. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ತಯಾರಿಸುವ ಗುರಿಯಿಟ್ಟು 7,280 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಹೊಲ ಉತ್ತಾಗಿದೆ, ಬೆಳೆಗೆ ಕೆಲವು ವರ್ಷ ಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರುವ ಹಾಗಿಲ್ಲ. ಆ ಮಾಲೀಕರಿಗೆ ಫೆರೈಟ್ ಮ್ಯಾಗ್ನೆಟ್ ಹಾಕಿ ನೋಡಿ ಅಂದೆ. ಅದಕ್ಕೆ ರೇರ್ ಅರ್ಥ್ ಬೇಡ, ನಮ್ಮಲ್ಲೇ ಸಿಗುತ್ತದೆ. ಶಕ್ತಿ ಕಡಿಮೆ, ಹಾಗಾಗಿ ಮೋಟರು ದಪ್ಪವಾಗುತ್ತದೆ. ಮೊನ್ನೆ ಹೋದಾಗ ಹಳೆಯದು, ಹೊಸದು ಎರಡನ್ನೂ ತಕ್ಕಡಿಯ ಮೇಲೆ ಇಟ್ಟು ತೋರಿಸಿದರು. ಹೊಸದರ ತೂಕ ಜಾಸ್ತಿಯೇ. ಸ್ಕೂಟರ್ ಕಂಪನಿಯವರು ಒಪ್ಪುತ್ತಾರಾ ಎಂದು ಕಾಯುತ್ತಿದ್ದಾರೆ.