ಸ್ಯಾಂಡರಿನ ಬುಡದಲ್ಲಿ ಅರೆಬರೆ ಕೂತ ಪ್ಲಗ್

ಕಳೆದ ಮಳೆಗಾಲದಲ್ಲಿ ಪಾಲಿಶ್ ಕೆಲಸದವರೊಬ್ಬರು ತಮ್ಮ ಸ್ಯಾಂಡರನ್ನು, ಅಂದರೆ ಮರ ಉಜ್ಜಿ ನುಣುಪಾಗಿಸುವ ಯಂತ್ರವನ್ನು, ಗೋಣಿಚೀಲದಲ್ಲಿ ಸುತ್ತಿಕೊಂಡು ಮೈಸೂರಿನ ನಮ್ಮ ದುರಸ್ತಿ ಅಂಗಡಿಗೆ ಬಂದಿದ್ದರು. “ಮೋಟರ್ ಹೋಗಿದೆ ಸಾರ್, ಒಂದ್ಸಲ ಓಡುತ್ತೆ, ಒಂದ್ಸಲ ನಿಲ್ಲುತ್ತೆ” ಎಂದರು. ಯಂತ್ರದಿಂದ ಕಳಚಬಹುದಾದ ಅದರ ಕೇಬಲ್ ಎಲ್ಲಿ ಎಂದು ಕೇಳಿದೆ. “ಅದಕ್ಕೇನೂ ಆಗಿಲ್ಲ ಸಾರ್, ಸ್ವಲ್ಪ ಲೂಸ್ ಇತ್ತು, ಟೇಪ್ ಸುತ್ತಿದೀನಿ” ಎನ್ನುತ್ತಾ ಚೀಲದ ತಳದಿಂದ ತೆಗೆದುಕೊಟ್ಟರು. ಟೇಪು ಬಿಚ್ಚುತ್ತಿದ್ದಂತೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಯಂತ್ರದ ಕಡೆಯ ಎರಡು ಪಿನ್ನುಗಳಲ್ಲಿ ಒಂದು ಹೊಸದರಂತೆ ಹೊಳೆಯುತ್ತಿತ್ತು. ಇನ್ನೊಂದು ಕಪ್ಪಾಗಿ, ಅದರ ಸುತ್ತಲಿನ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿ, ಕರಗಿದ ಬೆಲ್ಲದಂತೆ ಒಂದು ಬದಿಗೆ ಜಾರಿತ್ತು. ಮೋಟರಿಗೆ ಏನೂ ಆಗಿರಲಿಲ್ಲ.

ಕಳಚಬಹುದಾದ ಕೇಬಲ್ ಒಳ್ಳೆಯ ಅನುಕೂಲವೇ. ಯಂತ್ರದಲ್ಲಿ ಮೊದಲು ಹಾಳಾಗುವುದು ವೈರು. ಅದನ್ನು ಬದಲಿಸಲು ಯಂತ್ರದ ಹೊಟ್ಟೆ ಬಿಚ್ಚಬೇಕಾಗಿಲ್ಲ, ಒಂದೇ ಕೇಬಲನ್ನು ಎರಡು ಮೂರು ಯಂತ್ರಗಳಿಗೆ ಬಳಸಲೂಬಹುದು. ಆದರೆ ಮೊದಲು ಯಂತ್ರದೊಳಗೆ ಸ್ಕ್ರೂ ಹಾಕಿ ಬಿಗಿದಿದ್ದ ಜೋಡಣೆ ಈಗ ಅದರ ಬುಡದಲ್ಲಿ, ದೂಳಿನ ನಡುವೆ, ಬಳಸುವವರ ಕೈಗುಣವನ್ನು ನಂಬಿಕೊಂಡು ಕೂತಿದೆ. ಕೇಬಲಿನ ಪ್ಲಗ್ಗನ್ನು ಯಂತ್ರಕ್ಕೆ ಹಿಡಿದಿಡಲು ಅಲ್ಲೊಂದು ಲಾಕ್ ಇರುತ್ತದೆ; ಅದು ಇರುವುದು ಕೇಬಲ್ ಕಳಚಿ ಬೀಳದಿರಲಿ ಎಂದು ಮಾತ್ರ ಎಂಬುದು ಹೆಚ್ಚಿನವರ ತಿಳಿವಳಿಕೆ. ಪೂರ್ತಿ ಕಳಚಿ ಬಿದ್ದರೆ ಯಂತ್ರ ನಿಲ್ಲುತ್ತದೆ, ಬೈದುಕೊಂಡು ಮತ್ತೆ ಸಿಕ್ಕಿಸುತ್ತೇವೆ, ಅಷ್ಟೆ. ಕಳಚಿಯೂ ಬೀಳದೆ, ಸರಿಯಾಗಿಯೂ ಕೂರದೆ ನಡುವೆ ಅಲ್ಲಾಡುವ ಪ್ಲಗ್ಗೇ ಅಪಾಯದ್ದು. ಲಾಕಿನ ಮುಖ್ಯ ಕೆಲಸ ಆ ಅಲ್ಲಾಟವನ್ನು ತಡೆಯುವುದು.

ರಾಂಡಮ್ ಆರ್ಬಿಟಲ್ ಸ್ಯಾಂಡರಿನ (ತಿರುಗುತ್ತಲೇ ಸಣ್ಣ ಸಣ್ಣ ಸುತ್ತು ಹಾಕುತ್ತ ಉಜ್ಜುವ ಯಂತ್ರ) ತಟ್ಟೆ ನಿಮಿಷಕ್ಕೆ 10,000 ಸುತ್ತಿನಲ್ಲಿ ಓಡುತ್ತಿದ್ದರೆ ಯಂತ್ರದ ಮೈ ಸೆಕೆಂಡಿಗೆ 160ಕ್ಕೂ ಹೆಚ್ಚು ಸಲ ಅದುರುತ್ತದೆ. ಸಡಿಲವಾಗಿ ಕೂತ ಪಿನ್ನು ಈ ಅದುರಾಟದಲ್ಲಿ ಒಳಗಿನ ಲೋಹದ ತುಟಿಗಳಿಗೆ ತಾಗುತ್ತ, ಬಿಡುತ್ತ, ಪ್ರತಿ ಬಿಡುವಿಗೂ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರಿಸುತ್ತದೆ. ಕಿಡಿ ತಾಗಿದಲ್ಲಿ ಲೋಹ ಕಪ್ಪಾಗುತ್ತದೆ, ಕಪ್ಪಾದಲ್ಲಿ ರೋಧ (ವಿದ್ಯುತ್ ಹರಿಯಲು ಇರುವ ತಡೆ) ಹೆಚ್ಚುತ್ತದೆ, ರೋಧ ಹೆಚ್ಚಿದಲ್ಲಿ ಬಿಸಿ ಹುಟ್ಟುತ್ತದೆ, ಆ ಬಿಸಿಗೆ ತುಟಿಗಳ ಸ್ಪ್ರಿಂಗಿನ ಬಿಗಿ ಹೋಗಿ ಪಿನ್ನು ಇನ್ನಷ್ಟು ಸಡಿಲವಾಗುತ್ತದೆ. 230 ವೋಲ್ಟಿನಲ್ಲಿ 400 ವ್ಯಾಟಿನ ಸ್ಯಾಂಡರ್ ಎಳೆಯುವುದು ಸುಮಾರು 1.7 ಆಂಪಿಯರ್ ಮಾತ್ರ. ಆದರೂ ಜೋಡಣೆಯಲ್ಲಿ ಒಂದು ಓಮ್ ರೋಧ ಹುಟ್ಟಿಕೊಂಡರೆ ಸಾಕು, ಕಡಲೆಕಾಳಿನಷ್ಟು ಲೋಹದಲ್ಲಿ ಸುಮಾರು ಮೂರು ವ್ಯಾಟ್ ಬಿಸಿ ಬಿಡುವಿಲ್ಲದೆ ಸೇರುತ್ತಿರುತ್ತದೆ, ಸುತ್ತ ಪ್ಲಾಸ್ಟಿಕ್ ಇರುವುದರಿಂದ ಹೊರಹೋಗಲು ಸುಲಭದ ದಾರಿಯೂ ಇಲ್ಲ. ಪ್ಲಗ್ಗಿನ ಮೇಲೆ 10 ಆಂಪಿಯರ್ ಎಂದು ಬರೆದಿದೆಯಲ್ಲ ಎಂದು ವಾದಿಸುವವರಿದ್ದಾರೆ; ಆ ಅಂಕಿ ಸರಿಯಾಗಿ ಕೂತ ಪ್ಲಗ್ಗಿಗೆ ಹೇಳಿದ್ದು.

ಒತ್ತಿ ತಿರುಗಿಸುವ ಲಾಕನ್ನು ವಿವರಿಸಲು ನಾನು ಹಳೆಯ ಬಲ್ಬ್ ಹೋಲ್ಡರನ್ನು ನೆನಪಿಸುತ್ತೇನೆ. ಎರಡು ಕಿವಿಯ ಬಲ್ಬನ್ನು ಒತ್ತಿ, ತಿರುಗಿಸಿ, ಕಿವಿಗಳು ಕಚ್ಚಿನಲ್ಲಿ ಕೂತ ಮೇಲೆಯೇ ಕೈ ಬಿಡುತ್ತಿದ್ದೆವು. ಅರ್ಧ ತಿರುಗಿಸಿದ ಬಲ್ಬೂ ಉರಿಯುತ್ತಿತ್ತು, ಆದರೆ ಮಿಣುಕುತ್ತಿತ್ತು, ಕೆಲವು ದಿನಗಳಲ್ಲಿ ಹೋಲ್ಡರು ಕಪ್ಪಾಗುತ್ತಿತ್ತು. ಸ್ಯಾಂಡರ್ ಮಿಣುಕುವುದಿಲ್ಲವಾದ್ದರಿಂದ ಅದರ ಸದ್ದಿಗೆ ಕಿವಿಗೊಡಬೇಕು. ಕೇಬಲ್ ಅಲ್ಲಾಡಿದಾಗ ಮೋಟರಿನ ಸ್ವರ ಏರಿಳಿದರೆ ಅಲ್ಲಿಗೇ ನಿಲ್ಲಿಸಿ, ಗೋಡೆಯ ಪ್ಲಗ್ಗನ್ನು ಕಿತ್ತು ನೋಡಬೇಕು. ಕಾಲು ಗಂಟೆ ಉಜ್ಜಿದ ಮೇಲೆ ವಿದ್ಯುತ್ ತಪ್ಪಿಸಿ ಜೋಡಣೆಯನ್ನು ಮುಟ್ಟಿದರೂ ಗೊತ್ತಾಗುತ್ತದೆ: ಪ್ಲಗ್ಗು ಪಕ್ಕದ ವೈರಿಗಿಂತ ಸ್ಪಷ್ಟವಾಗಿ ಬೆಚ್ಚಗಿದ್ದರೆ ಒಳಗೆ ಕಿಡಿ ಶುರುವಾಗಿದೆ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಲಾಕ್ ಎಷ್ಟೇ ಗಟ್ಟಿಯಾಗಿರಲಿ, ಅದರ ಮೇಲೆ ವೈರಿನ ಭಾರ ಬೀಳಬಾರದು. ದೂಳು ಎಳೆಯುವ ವ್ಯಾಕ್ಯೂಮಿನ ಪೈಪು ಹಾಕಿಕೊಂಡವರಲ್ಲಿ ಈ ತೊಂದರೆ ಹೆಚ್ಚು, ಏಕೆಂದರೆ ದಪ್ಪ ಪೈಪು ಒಂದು ಕಡೆ ಬಾಗಿದರೆ ವೈರು ಇನ್ನೊಂದು ಕಡೆ ಬಿಗಿಯುತ್ತದೆ. ಎರಡನ್ನೂ ಅಲ್ಲಲ್ಲಿ ಪಟ್ಟಿಯಿಂದ ಕಟ್ಟಿ, ಯಂತ್ರದ ಬಳಿ ಒಂದು ಗೇಣು ವೈರನ್ನು ಸಡಿಲವಾಗಿ ಬಿಟ್ಟರೆ ಎಳೆತವೆಲ್ಲ ಪೈಪಿನ ಮೇಲೆಯೇ ನಿಲ್ಲುತ್ತದೆ. ಬಾಗಿಲಿನ ಮೇಲ್ಭಾಗ ಉಜ್ಜುವಾಗ ವೈರನ್ನು ಹೆಗಲ ಮೇಲಿಂದ ಹಾಯಿಸಿಕೊಳ್ಳುವುದು ಹಳಬರ ರೂಢಿ, ಅದೂ ಒಳ್ಳೆಯದೇ. ವೈರು ಹಿಡಿದು ಯಂತ್ರವನ್ನು ಏಣಿಯಿಂದ ಕೆಳಗಿಳಿಸುವವರ ಬಗ್ಗೆ ಏನು ಹೇಳಲಿ!

ಇನ್ನು ಸೈಟಿನಲ್ಲಿ ನಡೆಯುವ ಉಪಾಯಗಳು. ಟೇಪು ಸುತ್ತಿದರೆ ಬಿಸಿ ಒಳಗೇ ಉಳಿಯುತ್ತದೆ, ಕಪ್ಪಾದದ್ದು ಕಣ್ಣಿಗೂ ಬೀಳುವುದಿಲ್ಲ. ಸಾಕೆಟ್ಟಿಗೆ ಬೆಂಕಿಕಡ್ಡಿ ಸಿಗಿಸಿ ವೈರು ನಿಲ್ಲಿಸುವ ಅಭ್ಯಾಸದವರು ಇಲ್ಲಿಯೂ ಸಿಗರೇಟ್ ಪ್ಯಾಕಿನ ಹಾಳೆ ಮಡಚಿ ತುರುಕಿದ್ದನ್ನು ಕಂಡಿದ್ದೇನೆ. ಆ ಹಾಳೆಗೆ ಬೆಂಕಿ ತಗಲಲು ಹೆಚ್ಚು ಹೊತ್ತು ಬೇಡ. ಎಲ್ಲಕ್ಕಿಂತ ಸಹಜವಾದ ತಪ್ಪು ಕೈಯಲ್ಲೇ ಇರುವ ಉಪ್ಪುಕಾಗದದಿಂದ ಪಿನ್ನನ್ನು ಉಜ್ಜಿ ಹೊಳೆಸುವುದು. ಹಾಗೆ ಮಾಡಿದರೆ ಕಪ್ಪಿನ ಜೊತೆಗೆ ಪಿನ್ನಿನ ಮೇಲಿನ ತೆಳು ಲೇಪವೂ ಹೋಗುತ್ತದೆ, ಗೀರು ಬಿದ್ದ ಲೋಹ ಮುಂದೆ ಇನ್ನೂ ಬೇಗ ಕಪ್ಪಾಗುತ್ತದೆ. ದೂಳು ಕೂತಿದ್ದರೆ ವಿದ್ಯುತ್ ತಪ್ಪಿಸಿ ಒಣ ಬ್ರಷ್ಷಿನಿಂದ ಝಾಡಿಸಿದರೆ ಸಾಕು. ಎಣ್ಣೆ ಹಾಕಿದರೆ ಮರದ ಪುಡಿ ಅಲ್ಲೇ ಅಂಟಿಕೊಳ್ಳುತ್ತದೆ. ಕೇಬಲನ್ನು ಸಿಕ್ಕಿಸುವಾಗಲೂ ಕಳಚುವಾಗಲೂ ಯಂತ್ರದ ಸ್ವಿಚ್ಚು ಮತ್ತು ಗೋಡೆಯ ಸ್ವಿಚ್ಚು ಎರಡೂ ಆರಿರಬೇಕು. ಓಡುತ್ತಿರುವ ಯಂತ್ರದಿಂದ ಪ್ಲಗ್ ಕೀಳುವಾಗ ಹಾರುವ ಒಂದೊಂದು ಕಿಡಿಯೂ ಪಿನ್ನನ್ನು ಕಚ್ಚುತ್ತದೆ.

ಒಮ್ಮೆ ಸುಟ್ಟ ಜೋಡಣೆಯಲ್ಲಿ ಕೇಬಲ್ ಮಾತ್ರ ಬದಲಿಸಿದರೆ ಯಂತ್ರದ ಕಡೆಯ ಸುಟ್ಟ ಪಿನ್ನು ಹೊಸ ಕೇಬಲನ್ನೂ ಸುಡುತ್ತದೆ. ಆದ್ದರಿಂದ ಪಾಲಿಶಿನವರ ಸ್ಯಾಂಡರಿಗೆ ಎರಡೂ ಬದಿ ಹೊಸದು ಹಾಕಿದೆ. ಖರ್ಚು ಕೇಳಿ ಅವರ ಮುಖ ಸಣ್ಣದಾಯಿತು. ಹೊರಡುವ ಮುನ್ನ ಪ್ಲಗ್ಗನ್ನು ಅವರ ಕೈಯಿಂದಲೇ ಒತ್ತಿ ತಿರುಗಿಸಲು ಹೇಳಿ, ಪೂರ್ತಿ ಕೂತ ಜಾಗದಲ್ಲಿ ಪ್ಲಗ್ಗಿನಿಂದ ಯಂತ್ರದ ಮೈಯವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದುಕೊಟ್ಟೆ. ಗೆರೆ ಮುರಿದು ಕಂಡರೆ ಲಾಕ್ ಜಾರಿದೆ ಎಂದು ಏಣಿಯ ಮೇಲಿದ್ದರೂ ತಿಳಿಯುತ್ತದೆ. “ಇದನ್ನ ಕಂಪನಿಯವ್ರೇ ಹಾಕ್ಬೋದಿತ್ತಲ್ಲ ಸಾರ್” ಎಂದರು. ನನಗೂ ಹಾಗೇ ಅನ್ನಿಸಿದೆ.