ಮೀಟರ್ ಬೆಳಕು ಮಂಕಾಗಿದೆ, ಹೆಚ್ಚು ವಾಟ್‌ನ ಬಲ್ಬ್ ಹಾಕಲೇ?

ಪ್ರಶ್ನೆ: ನನ್ನದು ಹಳೆಯ ಕಾರು. ರಾತ್ರಿ ಹೊತ್ತು ಮೀಟರ್ ಬೋರ್ಡಿನ ಬೆಳಕು ಎಷ್ಟು ಮಂಕಾಗಿದೆಯೆಂದರೆ, ವೇಗ ಎಷ್ಟಿದೆ ಎಂದು ತಿಳಿಯಲು ಬಗ್ಗಿ ನೋಡಬೇಕು. ಯಾವ ಬಲ್ಬೂ ಸುಟ್ಟುಹೋಗಿಲ್ಲ. ಈಗಿರುವುದಕ್ಕಿಂತ ಹೆಚ್ಚು ವಾಟ್‌ನ ಬಲ್ಬ್ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ, ಹಾಕಬೇಡಿ. ಈ ಪ್ರಶ್ನೆಯನ್ನು ಬೇರೆ ಬೇರೆ ಓದುಗರು ಬೇರೆ ಬೇರೆ ಕಾರುಗಳ ಹೆಸರು ಹೇಳಿ ಕೇಳುತ್ತಲೇ ಇದ್ದಾರೆ, ಕೊನೆಯ ವಾಕ್ಯ ಮಾತ್ರ ಪ್ರತಿ ಸಲವೂ ಇದೇ. ಚಿಕ್ಕದಾಗಿ ಉತ್ತರ ಕೊಟ್ಟು ಪ್ರಯೋಜನವಾಗಿಲ್ಲ. ಈ ಬಾರಿ ಲೆಕ್ಕ ಸಮೇತ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಏನನ್ನೂ ಬಿಚ್ಚುವ ಮೊದಲು ಡಿಮ್ಮರ್ ನೋಡಿ. ಸ್ಟಿಯರಿಂಗ್ ಹತ್ತಿರವೋ ಹೆಡ್‌ಲೈಟ್ ಸ್ವಿಚ್ಚಿನಲ್ಲೋ ಒಂದು ಸಣ್ಣ ತಿರುಗುಣಿ ಇರುತ್ತದೆ. ಬಟ್ಟೆಯಿಂದ ಒರೆಸುವಾಗ ಅದು ತಿರುಗಿಬಿಟ್ಟಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಳೆಯ ಕಾರುಗಳಲ್ಲಿ ಅದರೊಳಗೆ ಸುರುಳಿ ಸುತ್ತಿದ ತಂತಿಯೂ ಅದರ ಮೇಲೆ ಜಾರುವ ಲೋಹದ ಪಟ್ಟಿಯೂ ಇರುತ್ತವೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ನಿಂತರೆ ಅಲ್ಲಿ ಕಿಲುಬು ಹಿಡಿಯುತ್ತದೆ. ಪಾರ್ಕಿಂಗ್ ದೀಪ ಹಾಕಿಕೊಂಡು, ತಿರುಗುಣಿಯನ್ನು ಈ ತುದಿಯಿಂದ ಆ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸಿ. ಬೆಳಕು ಮಿಣುಕಿ ಮಿಣುಕಿ ಏರಿದರೆ ಕಾಯಿಲೆ ಸಿಕ್ಕಿತು ಎಂದೇ ಅರ್ಥ.

ಈಗ ವಾಟ್ ವಿಷಯ. ಆ ಕಾರು ಕಾರ್ಖಾನೆಯಿಂದ ಹೊರಬಂದ ದಿನ ಇದೇ ವಾಟ್‌ನ ಬಲ್ಬುಗಳು ಸಾಕಷ್ಟು ಬೆಳಕು ಕೊಡುತ್ತಿದ್ದವು. ಬಲ್ಬಿನ ವಾಟ್ ಆಮೇಲೆ ಕಡಿಮೆಯಾಗಿಲ್ಲ. ಹಾಗಾದರೆ ಬೆಳಕು ಎಲ್ಲಿ ಹೋಯಿತು ಎಂದು ಕೇಳಬೇಕೇ ಹೊರತು, ಇನ್ನಷ್ಟು ವಾಟ್ ಎಲ್ಲಿ ಸಿಗುತ್ತದೆ ಎಂದಲ್ಲ.

ತಂತಿ ಉರಿದು ಬೆಳಗುವ ಬಲ್ಬಿನ ಗುಣವೊಂದನ್ನು ನೆನಪಿಡಿ. ಅದರ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತದಂತೆ ಏರಿಳಿಯುತ್ತದೆ. ವೋಲ್ಟೇಜು ಶೇ. 10ರಷ್ಟು ಇಳಿದರೆ ಬೆಳಕು ಶೇ. 30ರಷ್ಟು ಇಳಿಯುತ್ತದೆ. ಶೇ. 20ರಷ್ಟು ಇಳಿದರೆ ಅರ್ಧಕ್ಕಿಂತ ಹೆಚ್ಚು ಬೆಳಕು ಹೋಯಿತು. ಮೀಟರ್ ಬೋರ್ಡಿನ ಮಂಕುತನದ ಕಥೆಯೆಲ್ಲ ಬಹುಮಟ್ಟಿಗೆ ಇದರಲ್ಲೇ ಇದೆ.

ಮೀಟರ್ ಹಿಂದೆ 3 ವಾಟ್‌ನ ನಾಲ್ಕು ಬಲ್ಬುಗಳಿವೆ ಎಂದುಕೊಳ್ಳಿ. 12 ವೋಲ್ಟ್ ಪೂರ್ತಿ ಸಿಕ್ಕಿದರೆ ಒಟ್ಟು ಒಂದು ಆಂಪಿಯರ್ ಹರಿಯುತ್ತದೆ, ಆಗ ಬರುವ ಬೆಳಕನ್ನು 100 ಎನ್ನೋಣ. ಈಗ ದಾರಿಯಲ್ಲಿ ಎಲ್ಲೋ ಒಂದು ಕಿಲುಬು ಹಿಡಿದ ಸಂಪರ್ಕವಿದೆ, ಅದರ ರೋಧ 2 ಓಮ್. ಸುಮಾರು 1.8 ವೋಲ್ಟ್ ಅಲ್ಲೇ ಸೋರಿಹೋಗಿ ಬಲ್ಬಿಗೆ 10.2 ವೋಲ್ಟ್ ಉಳಿಯುತ್ತದೆ. ಬೆಳಕು 57ಕ್ಕೆ ಇಳಿಯುತ್ತದೆ. ನೀವು ಹೇಳುವ ಮಂಕು ಇದೇ.

ಇಲ್ಲಿಗೆ 5 ವಾಟ್‌ನ ಬಲ್ಬುಗಳನ್ನು ಹಾಕಿದಿರಿ. ದೊಡ್ಡ ಬಲ್ಬು ಹೆಚ್ಚು ಕರೆಂಟ್ ಎಳೆಯುತ್ತದೆ, ಸುಮಾರು 1.4 ಆಂಪಿಯರ್. ಕರೆಂಟ್ ಹೆಚ್ಚಾದಷ್ಟೂ ಅದೇ ಕೆಟ್ಟ ಸಂಪರ್ಕದಲ್ಲಿ ಸೋರುವ ವೋಲ್ಟೇಜೂ ಹೆಚ್ಚುತ್ತದೆ. ಬಲ್ಬಿಗೆ ಉಳಿಯುವುದು 9.1 ವೋಲ್ಟ್. ಬೆಳಕು ಎಷ್ಟಾಯಿತು? 66. ವಾಟ್ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು, ಸಿಕ್ಕ ಬೆಳಕು ಕಣ್ಣಿಗೆ ಅಷ್ಟೇನೂ ಗೊತ್ತಾಗದಷ್ಟು. ಆದರೆ ಆ ಕಿಲುಬಿನ ಜಾಗದಲ್ಲಿ ಹುಟ್ಟುವ ಶಾಖ ಎರಡೂವರೆ ಪಟ್ಟು! ಅದೇ ಸಂಪರ್ಕವನ್ನು ಉಜ್ಜಿ ಸ್ವಚ್ಛಗೊಳಿಸಿದರೆ ಹಳೆಯ 3 ವಾಟ್ ಬಲ್ಬಿನಲ್ಲೇ 100 ಸಿಗುತ್ತದೆ.

ಶಾಖ ಅಲ್ಲಿಗೇ ನಿಲ್ಲುವುದಿಲ್ಲ. ಮೀಟರ್ ಬೋರ್ಡ್ ಎನ್ನುವುದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ. ಹೆಚ್ಚಿನ ಶಾಖಕ್ಕೆ ಹೋಲ್ಡರ್ ಮೆತ್ತಗಾಗುತ್ತದೆ, ಬಣ್ಣದ ಫಿಲ್ಟರ್ ಸುಡುತ್ತದೆ, ಮೀಟರಿನ ಮುಖಫಲಕ ಉಬ್ಬಿ ಮುಳ್ಳಿಗೆ ತಾಗುತ್ತದೆ. 12 ವಾಟ್ ತಾಳಲೆಂದು ಮಾಡಿದ ಡಿಮ್ಮರ್ 20 ವಾಟ್‌ನ ಭಾರ ಹೊರಬೇಕಾಗುತ್ತದೆ. ಬಲ್ಬ್ ಮತ್ತೆ ಹಾಕಬಹುದು, ಉಬ್ಬಿದ ಮುಖಫಲಕವನ್ನು ಸರಿಮಾಡುವವರು ಯಾರು?

“ನಾನು ಹಾಕಿ ನೋಡಿದ್ದೇನೆ, ಬೆಳಕು ಹೆಚ್ಚಾಯಿತು” ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರು ಹಳೆಯ ಬಲ್ಬ್ ತೆಗೆದು ಹೊಸದನ್ನು ಹಾಕಿದ್ದಾರೆ, ಹೆಚ್ಚಿದ ಬೆಳಕಿನ ಬಹುಪಾಲು ಬಂದದ್ದು ಅದರಿಂದ. ಹಳೆಯ ಬಲ್ಬನ್ನು ಒಂದು ಬಿಳಿ ಕಾಗದದ ಮೇಲಿಟ್ಟು ನೋಡಿ. ಗಾಜಿನ ಒಳಮೈಯಲ್ಲಿ ಬೂದುಬಣ್ಣದ, ಕೆಲವೊಮ್ಮೆ ಕನ್ನಡಿಯಂತೆ ಹೊಳೆಯುವ ಪದರ ಕಾಣುತ್ತದೆ. ಅದು ಹೊರಗಿನ ಕೊಳೆಯಲ್ಲ, ಎಷ್ಟು ಒರೆಸಿದರೂ ಹೋಗುವುದಿಲ್ಲ. ತಂತಿಯ ಟಂಗ್‌ಸ್ಟನ್ ಆವಿಯಾಗಿ ಗಾಜಿನ ಮೇಲೆ ಕೂತಿರುವುದು ಅದು. ತಂತಿ ಸವೆದು ಬೆಳಕೂ ಕಡಿಮೆಯಾಗಿದೆ, ಬಂದ ಬೆಳಕನ್ನು ಆ ಪದರವೂ ತಡೆಯುತ್ತಿದೆ. ಉರಿಯುತ್ತಿದೆ ಎಂದ ಮಾತ್ರಕ್ಕೆ ಬಲ್ಬ್ ಚೆನ್ನಾಗಿದೆ ಎಂದಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಕಾರಿನ ಕೈಪಿಡಿಯಲ್ಲಿ ಬರೆದಿರುವ ವಾಟ್‌ನದೇ ಹಾಕಿ. ಒಂದನ್ನೇ ಬದಲಿಸಿದರೆ ಬೋರ್ಡಿನ ಒಂದು ಮೂಲೆ ಮಾತ್ರ ಬೆಳಗುತ್ತದೆ.

ಬಲ್ಬ್ ಹೊಸದಾದ ಮೇಲೂ ಮಂಕಾಗಿದ್ದರೆ ಸೋರಿಕೆ ಹುಡುಕಬೇಕು, ಅದಕ್ಕೆ ಮಲ್ಟಿಮೀಟರ್ ಬೇಕು. ಪಾರ್ಕಿಂಗ್ ದೀಪ ಉರಿಯುತ್ತಿರಬೇಕು, ಡಿಮ್ಮರ್ ಪೂರ್ತಿ ಏರಿಸಿರಬೇಕು. ದೀಪ ಆರಿಸಿ ಅಳೆದರೆ ಕರೆಂಟೇ ಹರಿಯದ ಕಾರಣ ಯಾವ ಸೋರಿಕೆಯೂ ಕಾಣುವುದಿಲ್ಲ, ಹೆಚ್ಚಿನವರು ತಪ್ಪುವುದು ಇಲ್ಲೇ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದನ್ನು ಮೀಟರ್ ಬೋರ್ಡಿನ ಅರ್ಥ್ ತಂತಿಗೆ ಮುಟ್ಟಿಸಿ. 0.1 ವೋಲ್ಟಿನ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ಅಥವಾ ಹೆಚ್ಚು ತೋರಿದರೆ ಅರ್ಥ್ ಕೆಟ್ಟಿದೆ. ಹೀಗೇ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಬಲ್ಬಿಗೆ ಕರೆಂಟ್ ಬರುವ ಪಿನ್‌ವರೆಗೆ ಅಳೆಯಿರಿ. ಕೆಲವು ಕಾರುಗಳಲ್ಲಿ ಡಿಮ್ಮರ್ ಇರುವುದೇ ಅರ್ಥ್ ಬದಿಯಲ್ಲಿ, ವೈರಿಂಗ್ ನಕ್ಷೆ ನೋಡಿಕೊಂಡು ಅಳೆಯುವುದು ಒಳ್ಳೆಯದು. ಇನ್ನೊಂದು ಗುರುತೂ ಇದೆ: ಹೆಡ್‌ಲೈಟ್ ಹಾಕಿದೊಡನೆ ಪೆಟ್ರೋಲ್ ಮತ್ತು ಉಷ್ಣತೆಯ ಮುಳ್ಳುಗಳು ಸ್ವಲ್ಪ ಸರಿದರೆ ಮೊದಲು ಅರ್ಥನ್ನೇ ಅನುಮಾನಿಸಿ.

ಬೋರ್ಡ್ ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿರಬೇಕು. ಹಿಂದೆ ವೇಗದ ಮೀಟರಿನ ಕೇಬಲ್ ಇದ್ದರೆ ಅದನ್ನು ಬಿಡಿಸದೆ ಎಳೆಯಬೇಡಿ. ಬಲ್ಬಿನ ಹೋಲ್ಡರ್ ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುತ್ತದೆ. ಅದರ ಎರಡು ಪುಟ್ಟ ಲೋಹದ ಕಿವಿಗಳು ಪ್ಲಾಸ್ಟಿಕ್ ಹಾಳೆಯ ಮೇಲಿನ ತಾಮ್ರದ ಗೆರೆಗಳನ್ನು ಒತ್ತಿಕೊಂಡಿರುತ್ತವೆ. ಅವು ಒತ್ತಿದ್ದ ಜಾಗ ನೋಡಿ: ಸುತ್ತಲೂ ತಾಮ್ರ ಹೊಳೆಯುತ್ತಿದ್ದರೂ ಅಲ್ಲಿ ಮಾತ್ರ ಕಂದು ಕಲೆ. ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ. ಮರಳುಕಾಗದ ಬೇಡವೇ ಬೇಡ, ತಾಮ್ರದ ಪದರ ಬಹಳ ತೆಳು. ಹೋಲ್ಡರಿನ ಕಿವಿಗಳನ್ನು ಕೂದಲೆಳೆಯಷ್ಟು ಮೇಲೆತ್ತಿದರೆ ಒತ್ತಡ ಮರಳಿ ಬರುತ್ತದೆ.

ಬಿಚ್ಚಿದ ಮೇಲೆ ಡಬ್ಬಿಯ ಒಳಗೋಡೆಯನ್ನೂ ನೋಡಿ. ಬಿಳಿಯಾಗಿದ್ದು ಬೆಳಕನ್ನು ಹರಡಬೇಕಾದ ಗೋಡೆ ಹಳದಿಯಾಗಿದ್ದರೆ ಶಾಖ ತಾಳುವ, ಹೊಳಪಿಲ್ಲದ ಬಿಳಿ ಬಣ್ಣ ತೆಳುವಾಗಿ ಬಳಿಯಿರಿ. ಬಲ್ಬಿನ ಮೇಲಿನ ಹಸಿರು ಅಥವಾ ನೀಲಿ ಟೋಪಿ ಕಪ್ಪಾಗಿದ್ದರೆ ಬದಲಿಸಿ. ಮುಳ್ಳನ್ನು ಮಾತ್ರ ಮುಟ್ಟಬೇಡಿ.

ಎಲ್‌ಇಡಿ ಹಾಕಬಹುದೇ ಎಂದು ನೀವು ಕೇಳಿಲ್ಲ, ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಬೆಳಕಿನ ಬಲ್ಬುಗಳ ಜಾಗಕ್ಕೆ ಹಾಕಬಹುದು. ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವಂಥದ್ದನ್ನು ಆರಿಸದಿದ್ದರೆ ಒಂದೆಡೆ ಪ್ರಖರ, ಪಕ್ಕದಲ್ಲೇ ಕತ್ತಲೆ ಆಗುತ್ತದೆ. ಉರಿಯದಿದ್ದರೆ ತಿರುವಿ ಹಾಕಿ, ಅದಕ್ಕೆ ಪಾಸಿಟಿವ್ ನೆಗೆಟಿವ್ ಭೇದವಿದೆ. ಎಲ್‌ಇಡಿ ಎಳೆಯುವ ಕರೆಂಟ್ ತೀರ ಕಡಿಮೆಯಾದ್ದರಿಂದ ತಂತಿ ಸುತ್ತಿದ ಹಳೆಯ ಡಿಮ್ಮರ್ ಅದನ್ನು ಅಷ್ಟಾಗಿ ತಗ್ಗಿಸಲಾರದು. ರಾತ್ರಿ ಮೀಟರ್ ಅತಿಯಾಗಿ ಬೆಳಗಿದರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳದೆ ರಸ್ತೆಯೇ ಸರಿಯಾಗಿ ಕಾಣುವುದಿಲ್ಲ.

ಆದರೆ ಎಲ್‌ಇಡಿ ತಂದವರು ಉತ್ಸಾಹದಲ್ಲಿ ಎಚ್ಚರಿಕೆಯ ದೀಪಗಳನ್ನೂ ಬದಲಿಸಿಬಿಡುತ್ತಾರೆ, ಅದರ ಪರಿಣಾಮ ಬೇರೆ ಕಡೆ ಕಾಣುತ್ತದೆ. ಕೆಂಪು ಬ್ಯಾಟರಿ ಚಿಹ್ನೆಯ ಹಿಂದಿನ ಬಲ್ಬ್ ಅನೇಕ ಹಳೆಯ ಕಾರುಗಳಲ್ಲಿ ಬರೀ ದೀಪವಲ್ಲ. ಕೀಲಿ ತಿರುಗಿಸಿದಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನ ಒಳಸುರುಳಿಗೆ ಮೊದಲ ಕರೆಂಟ್ ಹೋಗುವುದು ಆ ಬಲ್ಬಿನ ಮೂಲಕವೇ. ಆ ಕರೆಂಟಿನಿಂದ ಕಾಂತಕ್ಷೇತ್ರ ಹುಟ್ಟಿದ ಮೇಲೆ ಆಲ್ಟರ್ನೇಟರ್ ತನ್ನ ಕಾಲ ಮೇಲೆ ನಿಲ್ಲುತ್ತದೆ, ದೀಪ ಆರುತ್ತದೆ. 2 ಅಥವಾ 3 ವಾಟ್‌ನ ಬಲ್ಬಿನಲ್ಲಿ ಸುಮಾರು 0.2 ಆಂಪಿಯರ್ ಹರಿಯುತ್ತದೆ, ಎಲ್‌ಇಡಿಯಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ. ಆಗ ಎಂಜಿನ್ ಜೋರಾಗಿ ತಿರುಗುವವರೆಗೆ ಚಾರ್ಜಿಂಗ್ ಶುರುವಾಗದೆ ಇರಬಹುದು, ಕೆಲವೊಮ್ಮೆ ಶುರುವಾಗದೆಯೇ ಉಳಿಯಬಹುದು. ಬಲ್ಬಿಗೆ ಸಮಾಂತರವಾಗಿ ರೋಧಕ ಜೋಡಿಸಿದ ಕಾರುಗಳಿಗೆ ಈ ತೊಂದರೆ ಇಲ್ಲ, ನಿಮ್ಮದರಲ್ಲಿ ಅದಿದೆಯೇ ಎಂಬುದು ವೈರಿಂಗ್ ನಕ್ಷೆಯಲ್ಲಿ ಕಾಣುತ್ತದೆ. ಎಡ ಬಲ ಎರಡೂ ಇಂಡಿಕೇಟರ್‌ಗಳಿಗೆ ಒಂದೇ ದೀಪವಿರುವ ಕಾರಿನಲ್ಲಿಯೂ ಹೀಗೇ ಎಚ್ಚರ ಬೇಕು: ಅನೇಕ ಕಡೆ ಆ ಬಲ್ಬಿನಲ್ಲಿ ಕರೆಂಟ್ ಒಮ್ಮೆ ಈ ದಿಕ್ಕಿಗೆ, ಒಮ್ಮೆ ಆ ದಿಕ್ಕಿಗೆ ಹರಿಯುವುದರಿಂದ ಸಾಮಾನ್ಯ ಎಲ್‌ಇಡಿ ಒಂದು ಬದಿಗೆ ಮಾತ್ರ ಮಿಟುಕುತ್ತದೆ.

ಆದ್ದರಿಂದ ಹೋಲ್ಡರ್‌ಗಳನ್ನು ಕೀಳುವ ಮೊದಲೇ ಈ ಎರಡಕ್ಕೂ ಬಣ್ಣದ ಪೆನ್ನಿನಿಂದ ಗುರುತು ಹಾಕಿ, ಅಲ್ಲಿಗೆ ಹಳೆಯ ಬಗೆಯ, ಅದೇ ವಾಟ್‌ನ ಬಲ್ಬನ್ನೇ ಹಾಕಿ. ಬೋರ್ಡ್ ಜೋಡಿಸಿ ಎಂಜಿನ್ ಚಾಲೂ ಮಾಡಿದ ಮೇಲೆ ಬ್ಯಾಟರಿಯ ತುದಿಗಳಲ್ಲಿ ಒಮ್ಮೆ ಅಳೆಯಿರಿ, 13.5ರಿಂದ 14.5 ವೋಲ್ಟ್ ತೋರಿದರೆ ಚಾರ್ಜಿಂಗ್ ನಡೆಯುತ್ತಿದೆ.